ಮೌನವಾಗಿ ಆಲಿಸುವ ರಾಡಾರ್
ತಾಂಡೂರು ನಿಲ್ದಾಣವನ್ನು ದಾಟುವ ಗೂಡ್ಸ್ ರೈಲಿನ ಕೂಗು ಸಮೀಪಿಸುವಾಗ ಏರಿ, ದೂರ ಸರಿಯುವಾಗ ಇಳಿಯುತ್ತದೆ. ರೇಡಿಯೋ ತರಂಗಗಳಿಗೂ ಇದೇ ನಿಯಮ.

ತಾನೇ ತರಂಗ ಸೂಸುವ ರಾಡಾರ್ ತನ್ನ ನೆಲೆಯನ್ನು ಶತ್ರುವಿಗೆ ಬಿಟ್ಟುಕೊಡುತ್ತದೆ. ನಿಷ್ಕ್ರಿಯ ರಾಡಾರ್ ಬಾನುಲಿ, ದೂರದರ್ಶನ ಪ್ರಸಾರಗಳ ಪ್ರತಿಧ್ವನಿಯನ್ನಷ್ಟೇ ಆಲಿಸುತ್ತದೆ. 1935ರ ಫೆಬ್ರವರಿ 26ರಂದು ಇಂಗ್ಲೆಂಡಿನ ಡಾವೆಂಟ್ರಿ ಬಳಿ ವಾಟ್ಸನ್-ವಾಟ್ ಹಾಗೂ ವಿಲ್ಕಿನ್ಸ್ ಬಿಬಿಸಿ ಪ್ರಸಾರದ ನೆರವಿನಿಂದಲೇ ಹೇಫರ್ಡ್ ವಿಮಾನವೊಂದನ್ನು ಪತ್ತೆಹಚ್ಚಿದ್ದರು. ಆದರೆ ಅವರ ಉಪಕರಣ ನೆಲದಲ್ಲಿ ನಿಂತಿತ್ತು. ಅದನ್ನು ಹಾರುವ ವಿಮಾನಕ್ಕೇರಿಸಿದರೆ ಕದಲದ ಗುಡ್ಡ, ಕಟ್ಟಡಗಳೂ ಚಲಿಸುವಂತೆ ಕಂಡು, ಅವುಗಳ ಪ್ರತಿಧ್ವನಿ ನಾನಾ ಆವೃತ್ತಿಗಳಿಗೆ ಹರಡಿ, ನಿಧಾನಗತಿಯ ಗುರಿಯನ್ನು ಮರೆಮಾಡುತ್ತದೆ. ಪ್ರಸಾರ ಗೋಪುರದಿಂದ ನೇರವಾಗಿ ಬರುವ ಪ್ರಬಲ ತರಂಗವಂತೂ ಕ್ಷೀಣ ಪ್ರತಿಧ್ವನಿಯನ್ನು ನುಂಗಿಯೇಬಿಡುತ್ತದೆ. ಹಲವು ಆಂಟೆನಾಗಳಿಂದ ದಿಕ್ಕು, ಆವೃತ್ತಿ ಎರಡನ್ನೂ ಒಮ್ಮೆಗೇ ಸೋಸಬೇಕು. ಎಫ್‌ಎಂ ನಿಲಯವನ್ನು ನೆಚ್ಚಿದರೆ ಇನ್ನೊಂದು ಸೋಜಿಗ: ಸಂಗೀತ ಹರಿದಾಗ ಗುರಿಯ ದೂರ ಸ್ಪಷ್ಟ, ಉದ್ಘೋಷಕರು ಮಾತು ನಿಲ್ಲಿಸಿದಾಗ ಮಸುಕು.