ಗುಂಡ್ಮಿ ಕಾಳಿಂಗ ನಾವಡ: ಏರುಶ್ರುತಿಯ ಭಾಗವತ

ಬಡಗುತಿಟ್ಟು ಶೈಲಿಯ ಯಕ್ಷಗಾನದ ಭಾಗವತಿಕೆಗೆ ತಾರಾಪಟ್ಟ ತಂದುಕೊಟ್ಟವರಲ್ಲಿ ಗುಂಡ್ಮಿ ಕಾಳಿಂಗ ನಾವಡರ ಹೆಸರು ಮೊದಲು ಬರುತ್ತದೆ. ಹುಟ್ಟಿದ್ದು 1958ರಲ್ಲಿ, ಇಂದಿನ ಬ್ರಹ್ಮಾವರ ತಾಲ್ಲೂಕಿನ ಸಾಲಿಗ್ರಾಮದ ಪಕ್ಕದ ಗುಂಡ್ಮಿಯಲ್ಲಿ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಹಾಡು ಮನೆಯಲ್ಲೇ ಇತ್ತು. ಅದಕ್ಕೆ ರಂಗದ ಶಿಸ್ತು ಸಿಕ್ಕಿದ್ದು ನಾರ್ಣಪ್ಪ ಉಪ್ಪೂರರ ಗುರುತನದಲ್ಲಿ, ಕೋಟದ ಅಮೃತೇಶ್ವರೀ ಮೇಳದಲ್ಲಿ. ಹದಿಹರೆಯದಲ್ಲೇ ಮೇಳ ಸೇರಿದ ಅವರು ಸಂಗೀತಗಾರನಾಗಿ, ಅಂದರೆ ಸಂಜೆಯ ಪೂರ್ವರಂಗಕ್ಕೆ ಹಾಡುವ ಕಿರಿಯ ಭಾಗವತನಾಗಿ, ತಾಳ ಹಿಡಿದರು.

ಭಾಗವತನ ಕೆಲಸ ಬರೀ ಹಾಡುವುದಲ್ಲ. ಮುಂಡಾಸು ಕಟ್ಟಿ ರಂಗಸ್ಥಳದ ಹಿಂಬದಿಯಲ್ಲಿ ಕೂತು, ಕೈತಾಳದ ಪೆಟ್ಟಿನಲ್ಲಿ ಮದ್ದಳೆ, ಚಂಡೆ, ವೇಷಧಾರಿಯ ಹೆಜ್ಜೆ ಎಲ್ಲವನ್ನೂ ಹಿಡಿತದಲ್ಲಿಟ್ಟುಕೊಳ್ಳುವ ನಿರ್ದೇಶಕ ಅವನು. ವೇಷಧಾರಿಯ ಅರ್ಥ, ಅಂದರೆ ಮಾತು, ಮುಗಿದ ಕ್ಷಣಕ್ಕೇ ಮುಂದಿನ ಪದ್ಯ ಏಳಬೇಕು. ಈ ಎತ್ತುಗಡೆ ಒಂದು ಉಸಿರು ತಡವಾದರೂ ಸನ್ನಿವೇಶದ ಕಾವು ಆರುತ್ತದೆ. ಅವಸರವಾದರೆ ಮಾತಿನ ಕೊನೆ ಸಭೆಗೆ ಕೇಳಿಸುವುದಿಲ್ಲ. ತಾಳವಿಲ್ಲದೆ ಹಾಡುವ ಭಾಮಿನಿ, ವಾರ್ಧಕ ಪದ್ಯಗಳಿಗೆ ಬೇಕಾದದ್ದು ರಾಗಭಾವ. ಯುದ್ಧದ ಏರುಪದಕ್ಕೆ ಚಂಡೆಯ ಸದ್ದನ್ನು ಸೀಳಿಕೊಂಡು ಹೋಗುವ ಕಂಠ ಬೇಕು. ಮೈಕು ಬರುವ ಮುಂಚಿನ ಬಯಲಾಟಗಳ ಕಾಲದಿಂದಲೂ ಭಾಗವತರ ಶ್ರುತಿ ಎತ್ತರದಲ್ಲೇ ನಿಂತದ್ದಕ್ಕೆ ಇದೇ ಕಾರಣ. ನಾವಡರದು ಅಂಥ ಏರುಶ್ರುತಿಯ ಕಂಠ. ಮೇಲಿನ ಸ್ವರದಲ್ಲಿ ನಿಂತಾಗಲೂ ಅದು ಕಿರುಚಾಟವಾಗುತ್ತಿರಲಿಲ್ಲ, ಸಾಹಿತ್ಯದ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುತ್ತಿತ್ತು.

ಅಮೃತೇಶ್ವರೀ ಮೇಳದ ಬಳಿಕ ಪೆರ್ಡೂರು ಮೇಳದಲ್ಲಿ ಸ್ವಲ್ಪ ಕಾಲ ಇದ್ದು ಅವರು ಸಾಲಿಗ್ರಾಮ ಮೇಳಕ್ಕೆ ಬಂದರು. ಕೊನೆಯವರೆಗೂ ಅದೇ ಅವರ ಮೇಳ. ಅದು ಡೇರೆ ಮೇಳಗಳ ಪೈಪೋಟಿಯ ಕಾಲ. ಭಕ್ತರ ಹರಕೆಯಂತೆ ಆಡುವ ಹರಕೆ ಮೇಳಕ್ಕೆ ಆಟ ಆಡಿಸುವವರು ಸಿಕ್ಕರೆ ಸಾಕು. ಡೇರೆ ಮೇಳ ಪ್ರತಿ ರಾತ್ರಿ ಟಿಕೆಟ್ ಮಾರಿಯೇ ಬದುಕಬೇಕು. ಜನರನ್ನು ಸೆಳೆಯಲು ಪುರಾಣದಾಚೆಯ ಹೊಸ ಪ್ರಸಂಗಗಳು ಬೇಕಾದವು. ನಾವಡರು ಹಾಡುತ್ತಲೇ ಬರಹಕ್ಕೂ ಇಳಿದರು. ಅವರ ‘ನಾಗಶ್ರೀ’ ಭಾರಿ ಯಶಸ್ಸು ಕಂಡಿತು. ‘ಚೆಲುವೆ ಚಿತ್ರಾವತಿ’ಯೂ ಅವರದೇ. ಕಥೆ ಕಾಲ್ಪನಿಕವಾದರೂ ಪದ್ಯದ ಛಂದಸ್ಸು, ಯಕ್ಷಗಾನದ ಮಟ್ಟು ತಪ್ಪಬಾರದು. ಹಾಡುಗಾರನೇ ಕವಿಯಾದ್ದರಿಂದ ಯಾವ ಪದ್ಯ ಯಾವ ರಾಗದಲ್ಲಿ ರಂಗಕ್ಕೆ ಒದಗುತ್ತದೆಂಬ ಲೆಕ್ಕಾಚಾರ ಬರೆಯುವಾಗಲೇ ನಡೆದಿರುತ್ತಿತ್ತು.

ಯಕ್ಷಗಾನದಲ್ಲಿ ಹೆಚ್ಚು ಬಳಕೆಯಿಲ್ಲದ ರಾಗಗಳನ್ನು ತಂದದ್ದು, ಆಲಾಪವನ್ನು ಬೆಳೆಸಿದ್ದು ಅವರ ಮೇಲಿನ ಮುಖ್ಯ ಆಕ್ಷೇಪ. ಪದ್ಯ ಉದ್ದವಾದಷ್ಟೂ ವೇಷಧಾರಿ ಕುಣಿಯುತ್ತಲೇ ಇರಬೇಕು, ಅರ್ಥಕ್ಕೆ ಹೊತ್ತು ಸಾಲದು ಎಂಬುದು ಸಂಪ್ರದಾಯದವರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ, ನಾವಡರ ಅನುಕರಣೆಗೆ ಹೊರಟ ಹಲವರಲ್ಲಿ ಉಳಿದದ್ದು ಆಲಾಪ ಮಾತ್ರ. ಆದರೆ ನಾವಡರ ಕೈಯ ತಾಳ ಸಡಿಲವಾದದ್ದಲ್ಲ. ಉಪ್ಪೂರರ ಪಾಠ ಅಲ್ಲಿ ಭದ್ರವಾಗಿತ್ತು.

1990ರ ಮೇ ತಿಂಗಳಲ್ಲಿ, ತಿರುಗಾಟದ ಕೊನೆಯ ದಿನಗಳ ಹೊತ್ತಿಗೆ, ರಸ್ತೆ ಅಪಘಾತದಲ್ಲಿ ನಾವಡರು ತೀರಿಕೊಂಡರು. ವಯಸ್ಸು 32 ತುಂಬಿರಲಿಲ್ಲ. ಅದೇ ಉಪ್ಪೂರರ ಮತ್ತೊಬ್ಬ ಶಿಷ್ಯ, ಗೋಕರ್ಣದಲ್ಲಿ ಹುಟ್ಟಿ ಬೈಂದೂರು ಕಡೆಯ ಕಿರಿಮಂಜೇಶ್ವರದಲ್ಲಿ ನೆಲೆಸಿದ ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ದಶಕಗಳ ಕಾಲ ಭಾಗವತಿಕೆ ನಡೆಸಿದರು. ಅವರು ತೀರಿಕೊಂಡದ್ದು 2024ರ ಏಪ್ರಿಲ್‌ನಲ್ಲಿ. ಹೆಚ್ಚುಕಡಿಮೆ ಒಂದೇ ವಯಸ್ಸಿನ ಈ ಇಬ್ಬರಲ್ಲಿ ನಾವಡರಿಗೆ ದಕ್ಕದೆ ಹೋದದ್ದು ಮಾಗುವ ಕಾಲ.

ನಾವಡರ ಹಾಡು ಉಳಿದದ್ದು ಕ್ಯಾಸೆಟ್ಟುಗಳಿಂದ. ಈಗ ಅವುಗಳಲ್ಲಿ ಹಲವು ಮೊಬೈಲಿನಲ್ಲೇ ಸಿಗುತ್ತವೆ. ಹೊಸದಾಗಿ ಕೇಳುವವರು ಆಯ್ದ ಪದ್ಯಗಳಿಗಿಂತ ಇಡೀ ಪ್ರಸಂಗದ ಧ್ವನಿಮುದ್ರಣವನ್ನೇ ಹುಡುಕಿ ಕೇಳುವುದು ಒಳ್ಳೆಯದು. ಎತ್ತುಗಡೆಯ ಚುರುಕು ಗೊತ್ತಾಗುವುದು ಅಲ್ಲಿಯೇ.