ಕೊಡಿ ಹಬ್ಬದ ಸುದ್ದಿ ಸಾಗುವ ದಾರಿ

ಸಮೂಹ ಸಂವಹನವೆಂದರೆ ಒಂದು ಸಂಸ್ಥೆಯು ಯಂತ್ರದ ನೆರವಿನಿಂದ, ತನಗೆ ಮುಖಪರಿಚಯವಿಲ್ಲದ ಮತ್ತು ಒಂದೆಡೆ ಸೇರದ ಬಹುಸಂಖ್ಯೆಯ ಜನರಿಗೆ, ಒಂದೇ ಸಂದೇಶವನ್ನು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ತಲುಪಿಸುವ ಕ್ರಿಯೆ. ಇಲ್ಲಿ ‘ಒಂದೆಡೆ ಸೇರದ’ ಎಂಬ ವಿಶೇಷಣವೇ ಮುಖ್ಯ. ವೃಶ್ಚಿಕ ಮಾಸದ ಹುಣ್ಣಿಮೆಗೆ ಉಡುಪಿ ಜಿಲ್ಲೆಯ ಕೋಟೇಶ್ವರದ ಕೋಟಿಲಿಂಗೇಶ್ವರ ದೇವಸ್ಥಾನದಲ್ಲಿ ನಡೆಯುವ ರಥೋತ್ಸವಕ್ಕೆ, ಅಂದರೆ ಕೊಡಿ ಹಬ್ಬಕ್ಕೆ, ಸಾವಿರಾರು ಜನ ಬರುತ್ತಾರೆ. ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿಯನ್ನು ಕೊಂಡು ಮನೆಗೆ ಒಯ್ಯುತ್ತಾರೆ. ತೇರಿನ ಮುಂದೆ ನೆರೆದ ಅಷ್ಟೂ ಜನ ಒಬ್ಬರನ್ನೊಬ್ಬರು ಕಾಣಬಲ್ಲರು, ಕೂಡಿಯೇ ಸಂಭ್ರಮಿಸಬಲ್ಲರು. ಮರುದಿನ ಪತ್ರಿಕೆಯಲ್ಲಿ ಅದೇ ತೇರಿನ ಚಿತ್ರ ನೋಡುವವರಿಗೆ ಆ ಬಂಧವಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ, ಬೇರೆಯವರ ಅರಿವಿಲ್ಲದೆ ಅದನ್ನು ನೋಡುತ್ತಾರೆ. ಮೊದಲನೆಯದು ಜನಸಂದಣಿ, ಎರಡನೆಯದು ಸಮೂಹ ಎಂದು ಅಮೆರಿಕದ ಸಮಾಜವಿಜ್ಞಾನಿ ಹರ್ಬರ್ಟ್ ಬ್ಲೂಮರ್ 1939ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಮಾಧ್ಯಮ ಅಧ್ಯಯನದ ಮೊದಲ ಪಾಠಗಳಲ್ಲೊಂದಾಗಿದೆ.

ಕ್ಲಾಡ್ ಶಾನನ್ 1948ರಲ್ಲಿ ರೂಪಿಸಿದ ಸಂವಹನ ಮಾದರಿಯು ಮೂಲದಿಂದ ಹೊರಟ ಸಂದೇಶವು ವಾಹಕದ ಮೂಲಕ ಗ್ರಾಹಕನನ್ನು ತಲುಪುವುದನ್ನೂ, ನಡುವೆ ಅದನ್ನು ಕೆಡಿಸುವ ‘ಗದ್ದಲ’ವನ್ನೂ ಒಂದೇ ನೇರ ಗೆರೆಯಲ್ಲಿ ತೋರಿಸಿತು. ದೂರವಾಣಿ ತಂತಿಯ ಲೆಕ್ಕಾಚಾರಕ್ಕೆ ಹುಟ್ಟಿದ ಆ ಮಾದರಿಯಲ್ಲಿ ಕೇಳುಗನ ಮರುಮಾತಿಗೆ ಎಡೆಯಿರಲಿಲ್ಲ. ಆ ಕೊರತೆಯನ್ನು ವಿಲ್ಬರ್ ಶ್ರಾಮ್ 1954ರಲ್ಲಿ ತುಂಬಿ, ಹೇಳುವವನ ಮತ್ತು ಕೇಳುವವನ ಅನುಭವಲೋಕಗಳು ಎಲ್ಲಿ ಒಂದರ ಮೇಲೊಂದು ಹಾಯುತ್ತವೆಯೋ ಅಲ್ಲಿ ಮಾತ್ರ ಅರ್ಥ ಹುಟ್ಟುತ್ತದೆ ಎಂದರು. ಈ ಮಾತಿಗೆ ಬಡಗುತಿಟ್ಟಿನ ಯಕ್ಷಗಾನಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟಕ್ಕೆ ಬರುವ ಪ್ರೇಕ್ಷಕರಿಗೆ ಕಥೆ ಮೊದಲೇ ಗೊತ್ತಿರುತ್ತದೆ. ಭಾಗವತರ ಪದ್ಯಕ್ಕೆ ವೇಷಧಾರಿ ಅಲ್ಲಿಯೇ ಮಾತು ಹೆಣೆಯುವಾಗ, ಸಭೆಯ ನಗೆ, ಮೌನ, ಚಪ್ಪಾಳೆಗಳನ್ನು ಗಮನಿಸಿ ಅದನ್ನು ಹಿಗ್ಗಿಸುತ್ತಾನೆ ಅಥವಾ ಮೊಟಕುಗೊಳಿಸುತ್ತಾನೆ. ಮುದ್ರಿತ ಪತ್ರಿಕೆಗೆ ಈ ಭಾಗ್ಯವಿಲ್ಲ. ಅದಕ್ಕೆ ದೊರೆಯುವ ಪ್ರತಿಕ್ರಿಯೆ ತಡವಾಗಿ, ಓದುಗರ ಪತ್ರಗಳ ರೂಪದಲ್ಲಿ, ಅಲ್ಪವಾಗಿ ಬರುತ್ತದೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದಾಗ ಸುದ್ದಿಯನ್ನು ಆರಿಸುವ ಕೆಲಸ ಹೆಚ್ಚಾಗಿ ಒಬ್ಬ ಸಂಪಾದಕರದೇ ಆಗಿತ್ತು. ಇಂದು ಕೋಟೇಶ್ವರದ ಒಂದು ಘಟನೆ ಅಚ್ಚಾಗಬೇಕಾದರೆ ಕುಂದಾಪುರದ ವರದಿಗಾರ, ಆವೃತ್ತಿಯ ಉಪಸಂಪಾದಕ, ಪುಟವಿನ್ಯಾಸಕ ಮೊದಲಾದ ಹಲವು ಕೈಗಳನ್ನು ದಾಟಬೇಕು; ಪ್ರತಿಯೊಬ್ಬರೂ ಕೆಲವನ್ನು ಒಳಬಿಟ್ಟು ಕೆಲವನ್ನು ತಡೆಯುತ್ತಾರೆ. ಇದಕ್ಕೆ ದ್ವಾರಪಾಲನೆಯ ಸಿದ್ಧಾಂತ ಎಂದು ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮನೆಯ ಊಟದ ಮೇಜಿಗೆ ಯಾವ ಆಹಾರ ಬರಬೇಕೆಂಬುದನ್ನು ಗೃಹಿಣಿಯರು ಹೇಗೆ ನಿರ್ಧರಿಸುತ್ತಾರೆ ಎಂಬ ಅಧ್ಯಯನದಿಂದ ಕರ್ಟ್ ಲೆವಿನ್ ಈ ಕಲ್ಪನೆಯನ್ನು ಪಡೆದರು. ಅದನ್ನು ಡೇವಿಡ್ ಮ್ಯಾನಿಂಗ್ ವೈಟ್ 1950ರಲ್ಲಿ ಪತ್ರಿಕಾಲಯಕ್ಕೆ ಅನ್ವಯಿಸಿ, ಒಬ್ಬ ಸಂಪಾದಕನು ಒಂದು ವಾರದಲ್ಲಿ ತಂತಿ ಮೂಲಕ ಬಂದ ಸುದ್ದಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಕೈಬಿಟ್ಟನೆಂದು ತೋರಿಸಿದರು. ಆತನು ಕೊಟ್ಟ ಕಾರಣಗಳಲ್ಲಿ ಸ್ಥಳಾಭಾವದ ಜೊತೆಗೆ ಸ್ವಂತ ಒಲವು-ಒಲ್ಲದಿಕೆಗಳೂ ಇದ್ದವು.

ಹೀಗೆ ಆಯ್ದು ಬಂದ ಸುದ್ದಿಯು ಓದುಗನ ಮನಸ್ಸನ್ನು ನೇರವಾಗಿ ತಿರುಗಿಸಿಬಿಡುತ್ತದೆ ಎಂಬ ಭಾವನೆ ಹಿಂದೆ ಪ್ರಬಲವಾಗಿತ್ತು. 1940ರ ಅಮೆರಿಕದ ಚುನಾವಣೆಯ ವೇಳೆ ಓಹಾಯೋದ ಈರಿ ಕೌಂಟಿಯಲ್ಲಿ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಸಂಗಡಿಗರು ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತನಾಡಿಸಿದಾಗ ಕಂಡದ್ದು ಬೇರೆ: ಪತ್ರಿಕೆ, ರೇಡಿಯೋಗಳ ವಿಚಾರಗಳು ಮೊದಲು ಕೆಲವು ಅಭಿಪ್ರಾಯ ಮುಂದಾಳುಗಳನ್ನು ತಲುಪಿ, ಅವರ ಬಾಯಿಂದ ಉಳಿದವರಿಗೆ ಹರಿಯುತ್ತಿದ್ದವು. ಇದೇ ಎರಡು ಹಂತದ ಹರಿವು. ಕೋಟೇಶ್ವರದ ಪಕ್ಕದ ಬೀಜಾಡಿ, ಗೋಪಾಡಿಯಂಥ ಕಡಲತೀರದ ಊರುಗಳಲ್ಲಿ ಹವಾಮಾನದ ಎಚ್ಚರಿಕೆ ಮೊಬೈಲಿಗೇ ಬಂದರೂ, ದೋಣಿ ನೀರಿಗಿಳಿಯಬೇಕೇ ಬೇಡವೇ ಎಂಬಲ್ಲಿ ತಂಡೇಲನ, ಅಂದರೆ ದೋಣಿಯ ಅನುಭವಿ ಮುಂದಾಳಿನ, ಮಾತಿಗೆ ತೂಕ ಹೆಚ್ಚೆಂಬುದನ್ನು ಈ ಸಿದ್ಧಾಂತ ಚೆನ್ನಾಗಿ ವಿವರಿಸುತ್ತದೆ. ವಾಟ್ಸಾಪ್ ಗುಂಪುಗಳಲ್ಲಿಯೂ ಸುದ್ದಿಯನ್ನು ನಂಬುವುದು ಅದನ್ನು ಕಳಿಸಿದ ಪರಿಚಿತನ ಮುಖ ನೋಡಿಯೇ. ಸುಳ್ಳು ಸುದ್ದಿಗೆ ಬಲ ಬರುವುದೂ ಅಲ್ಲಿಂದಲೇ.

ಹಾಗಾದರೆ ಮಾಧ್ಯಮ ದುರ್ಬಲವೇ? ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ 1968ರಲ್ಲಿ ಅಮೆರಿಕದ ಚಾಪೆಲ್ ಹಿಲ್ ಪಟ್ಟಣದ 100 ಮಂದಿ ಅನಿಶ್ಚಿತ ಮತದಾರರನ್ನು ಮಾತನಾಡಿಸಿ, ಅವರು ಮುಖ್ಯವೆಂದ ವಿಷಯಗಳಿಗೂ ಮಾಧ್ಯಮಗಳು ಹೆಚ್ಚು ಜಾಗ ಕೊಟ್ಟ ವಿಷಯಗಳಿಗೂ ಬಹುಮಟ್ಟಿಗೆ ಹೊಂದಾಣಿಕೆಯಿದ್ದುದನ್ನು ಗುರುತಿಸಿದರು. ಏನು ಯೋಚಿಸಬೇಕೆಂದು ಮಾಧ್ಯಮ ಹೇಳದಿರಬಹುದು, ಆದರೆ ಯಾವುದರ ಕುರಿತು ಯೋಚಿಸಬೇಕೆಂಬುದನ್ನು ಅದು ನಿರ್ಣಯಿಸುತ್ತದೆ ಎಂಬುದೇ ಈ ಕಾರ್ಯಸೂಚಿ ನಿರ್ಧಾರ ಸಿದ್ಧಾಂತದ ತಿರುಳು. 1970ರಲ್ಲಿ ಮಣಿಪಾಲದಿಂದ ಆರಂಭವಾದ ‘ಉದಯವಾಣಿ’ಯು ಕರಾವಳಿಯ ಕುಗ್ರಾಮಗಳನ್ನು ಗುರುತಿಸಿ ಬರೆದಾಗ, ಯಾರೂ ಚರ್ಚಿಸದಿದ್ದ ಊರುಗಳು ಓದುಗರ ಚರ್ಚೆಗೆ ಬಂದವು, ಪತ್ರಿಕೆ ಮಾಡಬಹುದಾದ ಅತ್ಯುತ್ತಮ ಕೆಲಸಗಳಲ್ಲಿ ಅದೊಂದು.

ಆದರೆ ಈಗ ಕನ್ನಡದ ಹಲವು ದಿನಪತ್ರಿಕೆಗಳು ಜಿಲ್ಲಾವಾರು ಪುಟಗಳಾಗಿ ಹೋಳಾಗಿರುವುದರಿಂದ ಕೋಟೇಶ್ವರದ ಹೆದ್ದಾರಿಯ ಅಳಲು ಉಡುಪಿ ಜಿಲ್ಲೆಯ ಗಡಿ ದಾಟುವುದು ಅಪರೂಪ, ರಾಯಚೂರಿನ ನೀರಿನ ಅಳಲು ಕೋಟೇಶ್ವರಕ್ಕೆ ಬರುವುದೂ ಅಪರೂಪ. ಸ್ಥಳೀಯ ಸುದ್ದಿ ಹೆಚ್ಚಿದಷ್ಟೂ ನಾಡಿನ ಸಮಾನ ಕಾರ್ಯಸೂಚಿ ಕುಗ್ಗುತ್ತಿದೆ. ಇದು ನಷ್ಟವೇ ಸರಿ. ಬೇರೆ ಆವೃತ್ತಿಗಳು ಈಗ ಅಂತರ್ಜಾಲದಲ್ಲಿ ಓದಲು ಸಿಗುವುದರಿಂದ, ಕುಂದಾಪುರ ಸೀಮೆಯ ಓದುಗರು ವಾರಕ್ಕೊಮ್ಮೆಯಾದರೂ ಕಲಬುರಗಿ ಅಥವಾ ಹುಬ್ಬಳ್ಳಿಯ ಪುಟಗಳನ್ನು ತಮ್ಮ ಪುಟಗಳ ಜೊತೆಗಿಟ್ಟು ಓದಬೇಕು.