ಊರ ಬೆಳಕಿನೊಳಗಿಂದ ದೇವಯಾನಿಯನ್ನು ಬಿಡಿಸುವುದು

ವಸಂತಪುರದ ತಾರಸಿಯಿಂದ ದೇವಯಾನಿ ಗೆಲಾಕ್ಸಿಯ ಚಿತ್ರ ತೆಗೆಯಬೇಕೆಂದರೆ ಉತ್ತರಕ್ಕೆ ಮುಖ ಮಾಡಬೇಕು. ಬನಶಂಕರಿ, ಜಯನಗರ, ಮೆಜೆಸ್ಟಿಕ್ ಎಲ್ಲ ಇರುವುದೂ ಆ ದಿಕ್ಕಿನಲ್ಲೇ. ನವೆಂಬರ್ ಕೊನೆಯ ವಾರ ರಾತ್ರಿ ಒಂಬತ್ತರ ಸುಮಾರಿಗೆ ಗೆಲಾಕ್ಸಿ ದಿಗಂತದಿಂದ 62 ಡಿಗ್ರಿ ಮೇಲಕ್ಕೆ ಬಂದಿರುತ್ತದೆ. ನಮ್ಮೂರಿನಲ್ಲಿ ಅದು ಏರುವುದು ಅಷ್ಟೇ ಎತ್ತರ. ಕೆಳಗಡೆ ಇಡೀ ಬೆಂಗಳೂರಿನ ದೀಪಗಳು. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಕ್ಯಾಮೆರಾದ ಪರದೆಯಲ್ಲಿ ಬೂದು ಬಣ್ಣದ ಆಕಾಶ, ನಡುವೆ ಲೆನ್ಸಿನ ಮೇಲೆ ಯಾರೋ ಬೆರಳಿಟ್ಟಂತಿರುವ ಒಂದು ಮಸುಕು ಗುರುತು. ಆ ಮಸುಕಿನೊಳಗಿಂದ 25 ಲಕ್ಷ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ ಸುರುಳಿ ತೋಳುಗಳನ್ನೂ ಕಪ್ಪು ದೂಳಿನ ಪಟ್ಟಿಗಳನ್ನೂ ಹೊರಗೆ ತರುವ ಹವ್ಯಾಸಿಗಳಿದ್ದಾರೆ. ಅವರ ಕಸುಬಿನ ಹೆಚ್ಚಿನ ಪಾಲು ನಡೆಯುವುದು ತಾರಸಿಯಿಂದ ಇಳಿದು ಬಂದ ಮೇಲೆ, ಕಂಪ್ಯೂಟರ್ ಮುಂದೆ.

ಇಂಥ ಚಿತ್ರ ಕಂಡ ಕೂಡಲೇ ‘ಫೋಟೋಶಾಪ್ ಮಾಡಿದ್ದು’ ಎಂದುಬಿಡುವವರುಂಟು. ಆ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಇಲ್ಲಿ ಕೈಚಳಕಕ್ಕಿಂತ ದೊಡ್ಡದು ಸಂಯಮ. ಯಾವುದು ಗೆಲಾಕ್ಸಿಯ ಬೆಳಕು, ಯಾವುದು ಬೀದಿದೀಪದ್ದು, ಯಾವುದು ಕ್ಯಾಮೆರಾ ತಾನಾಗಿ ಸೇರಿಸಿದ್ದು ಎಂದು ಒಂದೊಂದನ್ನೇ ಗುರುತಿಸಿ, ಬೇಡದ್ದನ್ನು ತೆಗೆದು, ಬೇಕಾದದ್ದಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಮೊರದಲ್ಲಿ ಅಕ್ಕಿ ಕೇರುವಾಗ ನುಚ್ಚೂ ಹಾರಿಹೋಗದಂತೆ ಕೈ ತಡೆಯುತ್ತಾರಲ್ಲ, ಅಂಥ ಹದ ಇದು.

ಮೊದಲು ಕಚ್ಚಾ ಸಾಮಗ್ರಿ. ದೇವಯಾನಿ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಉದ್ದ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಹಾಗಾಗಿ ದೊಡ್ಡ ದೂರದರ್ಶಕ ಬೇಕಿಲ್ಲ, 200 ಮಿ.ಮೀ. ಲೆನ್ಸ್ ಸಾಕು. ಭೂಮಿ ತಿರುಗುವುದನ್ನು ಸರಿದೂಗಿಸುವ ಟ್ರ್ಯಾಕರ್ ಬೇಕು. ಅದನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಬರೀ 13 ಡಿಗ್ರಿ ಎತ್ತರದಲ್ಲಿ ಇರುವುದರಿಂದ ಎದುರಿಗೊಂದು ಅಪಾರ್ಟ್‌ಮೆಂಟ್ ಎದ್ದರೆ ಮರೆಯಾಗಿಬಿಡುತ್ತದೆ. ಅರ್ಧ ನಿಮಿಷಕ್ಕೊಂದರಂತೆ ಫ್ರೇಮುಗಳನ್ನು ತೆಗೆಯುತ್ತಾ ಹೋಗುತ್ತಾರೆ. ಊರ ಆಕಾಶದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಶಟರ್ ತೆರೆದಿಟ್ಟರೆ ಲಾಭ ಅಷ್ಟಕ್ಕಷ್ಟೇ.

ಒಂದು ಫ್ರೇಮಿನಲ್ಲಿ ಗೆಲಾಕ್ಸಿಗಿಂತ ನಾಯ್ಸೇ, ಅಂದರೆ ಪಿಕ್ಸೆಲ್‌ಗಳ ಅಡ್ಡಾದಿಡ್ಡಿ ಏರಿಳಿತವೇ ಹೆಚ್ಚು. ನೂರು ಫ್ರೇಮುಗಳ ನಕ್ಷತ್ರಗಳನ್ನು ಒಂದರ ಮೇಲೊಂದು ಕೂರುವಂತೆ ಹೊಂದಿಸಿ ಸರಾಸರಿ ತೆಗೆದರೆ ನಾಯ್ಸ್ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಅದನ್ನೂ ಅರ್ಧಕ್ಕೆ ಇಳಿಸಬೇಕೆಂದರೆ ನಾನೂರು ಫ್ರೇಮು ಬೇಕು. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ವಿಮಾನವೋ ಉಪಗ್ರಹವೋ ಗೆರೆ ಎಳೆದುಕೊಂಡು ಹೋದ ಫ್ರೇಮನ್ನು ಬಿಸಾಡಬೇಕಾಗಿಯೂ ಇಲ್ಲ. ಒಂದೇ ಪಿಕ್ಸೆಲ್ ಬಗ್ಗೆ ತೊಂಬತ್ತೊಂಬತ್ತು ಫ್ರೇಮುಗಳು ಒಂದು ಬೆಲೆ ಹೇಳಿ, ಒಂದು ಮಾತ್ರ ಬೇರೆ ಹೇಳಿದರೆ ಸಾಫ್ಟ್‌ವೇರ್ ಆ ಒಂದನ್ನು ಕೈಬಿಡುತ್ತದೆ.

ಅದಕ್ಕೂ ಮೊದಲು ಕ್ಯಾಮೆರಾದ ತಪ್ಪುಗಳನ್ನು ಕಳೆಯಬೇಕು. ಲೆನ್ಸ್ ಮುಚ್ಚಿ, ಅದೇ ಹೊತ್ತು, ಅದೇ ಚಳಿಯಲ್ಲಿ ತೆಗೆದ ‘ಡಾರ್ಕ್’ ಫ್ರೇಮುಗಳು ಸೆನ್ಸರಿನ ಬಿಸಿಯಿಂದ ಹುಟ್ಟಿದ ಹುಸಿ ಬೆಳಕನ್ನು ತೋರಿಸುತ್ತವೆ. ಲೆನ್ಸಿನ ಬಾಯಿಗೆ ಬಿಳಿ ಪಂಚೆ ಬಿಗಿದು ಬೆಳಗಿನ ಆಕಾಶಕ್ಕೆ ಹಿಡಿದು ತೆಗೆದ ‘ಫ್ಲಾಟ್’ ಫ್ರೇಮುಗಳು ಮೂಲೆಗಳ ಕತ್ತಲನ್ನೂ ಸೆನ್ಸರಿನ ಮೇಲೆ ಕೂತ ದೂಳನ್ನೂ ಹಿಡಿದುಕೊಡುತ್ತವೆ. ಊರೊಳಗಿನ ಚಿತ್ರಕ್ಕೆ ಫ್ಲಾಟ್ ಇಲ್ಲದೆ ಗತಿಯಿಲ್ಲ. ಹಿನ್ನೆಲೆ ಅಷ್ಟು ಬೆಳಗಿರುವಾಗ ಒಂದು ದೂಳಿನ ಕಣವೂ ದೊಡ್ಡ ಬಳೆಯಂತೆ ಎದ್ದು ಕಾಣುತ್ತದೆ.

ನಿಜವಾದ ಪರೀಕ್ಷೆ ಶುರುವಾಗುವುದು ಇಲ್ಲಿಂದ. ಚಿತ್ರದ ಒಂದು ಬದಿ, ಊರಿನ ಕಡೆಯದು, ಇನ್ನೊಂದು ಬದಿಗಿಂತ ಬೆಳ್ಳಗಿರುತ್ತದೆ. ಈ ಏರಿಳಿತಕ್ಕೆ ಗ್ರೇಡಿಯೆಂಟ್ ಎಂದು ಹೆಸರು. ಸೋಡಿಯಂ ದೀಪಗಳ ಕಾಲದಲ್ಲಿ ಅವುಗಳ ಹಳದಿ ಬೆಳಕನ್ನಷ್ಟೇ ತಡೆಯುವ ಫಿಲ್ಟರ್ ಉಪಯೋಗಕ್ಕೆ ಬರುತ್ತಿತ್ತು. ಎಲ್‌ಇಡಿಯ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ, ಗೆಲಾಕ್ಸಿಯ ಬೆಳಕಿನಲ್ಲೂ ಇವೆ, ಫಿಲ್ಟರ್ ಯಾವುದನ್ನೆಂದು ತಡೆದೀತು? ಲೆಕ್ಕದಿಂದಲೇ ಕಳೆಯಬೇಕು. ಸಿರಿಲ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಖಾಲಿ ಆಕಾಶವಿರುವ ಕಡೆ ಚಿಕ್ಕ ಚಿಕ್ಕ ಚೌಕಗಳನ್ನು ಇಡುತ್ತಾರೆ. ಆ ಚೌಕಗಳ ಬೆಲೆಗಳನ್ನು ಸೇರಿಸಿ ಸಾಫ್ಟ್‌ವೇರ್ ಒಂದು ಇಳಿಜಾರು ಮೇಲ್ಮೈ ಕಟ್ಟಿ, ಅದನ್ನು ಚಿತ್ರದಿಂದ ಕಳೆಯುತ್ತದೆ. ಕೇಳಲು ಸುಲಭ. ಆದರೆ ಚೌಕ ಎಲ್ಲಿಡಬೇಕು? ದೇವಯಾನಿಯ ಅಂಚು ಕಣ್ಣಿಗೆ ಕಂಡಲ್ಲಿಗೇ ಮುಗಿಯುವುದಿಲ್ಲ. ಅದರ ಮಸುಕು ಹೊದಿಕೆ ಇನ್ನೂ ಆಚೆಗೆ ಹರಡಿದೆ, ಪಕ್ಕದಲ್ಲೇ ಎಂ 110 ಎಂಬ ಜೊತೆಗಾರ ಗೆಲಾಕ್ಸಿಯೂ ಇದೆ. ಚೌಕವೊಂದು ಅಲ್ಲಿ ಬಿದ್ದರೆ ಸಾಫ್ಟ್‌ವೇರ್ ಗೆಲಾಕ್ಸಿಯನ್ನೇ ಊರ ಬೆಳಕೆಂದು ತಿಳಿದು ಕಳೆದುಹಾಕುತ್ತದೆ, ಸುತ್ತ ಕಪ್ಪು ಹಳ್ಳ ಬೀಳುತ್ತದೆ. ಬಲ್ಲವರು ಚೌಕಗಳನ್ನು ದೂರದಲ್ಲಿ, ಕಡಿಮೆ ಸಂಖ್ಯೆಯಲ್ಲಿ ಇಡುತ್ತಾರೆ. 400 ಮಿ.ಮೀ. ಲೆನ್ಸಿಗಿಂತ 200 ವಾಸಿ ಎನ್ನುವುದೂ ಇದಕ್ಕೇ, ಸುತ್ತ ಖಾಲಿ ಆಕಾಶ ಉಳಿಯುತ್ತದೆ.

ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ. ರಾತ್ರಿ ಸರಿದಂತೆ ಗೆಲಾಕ್ಸಿ ಪೂರ್ವದಿಂದ ಪಶ್ಚಿಮಕ್ಕೆ ವಾಲುತ್ತದೆ, ಫ್ರೇಮಿನೊಳಗೆ ಊರ ಬೆಳಕು ಬರುವ ದಿಕ್ಕೂ ತಿರುಗುತ್ತದೆ. ಎಲ್ಲವನ್ನೂ ಕೂಡಿಸಿದ ಮೇಲೆ ಕಳೆಯಹೋದರೆ ಇಳಿಜಾರುಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಪ್ರತಿ ಫ್ರೇಮಿನಿಂದಲೂ ಒಂದು ಸರಳ ಇಳಿಜಾರನ್ನು ಮೊದಲೇ ಕಳೆದು, ಆಮೇಲೆ ಕೂಡಿಸಿದರೆ ಹಿನ್ನೆಲೆ ಚೊಕ್ಕಟವಾಗುತ್ತದೆ. ಇಷ್ಟು ತಾಳ್ಮೆ ಪಟ್ಟ ಚಿತ್ರವನ್ನು ನೋಡಿದ ಕೂಡಲೇ ಗೊತ್ತಾಗಿಬಿಡುತ್ತದೆ.

ಇಷ್ಟಾದರೂ ಪರದೆ ಬಹುತೇಕ ಕಪ್ಪಾಗೇ ಇರುತ್ತದೆ. 14 ಬಿಟ್ ಕ್ಯಾಮೆರಾ ಬೆಳಕಿನ 16,384 ಮೆಟ್ಟಿಲುಗಳನ್ನು ಗುರುತಿಸಬಲ್ಲದು, ತೋಳುಗಳೆಲ್ಲ ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ ಒತ್ತಾಗಿ ಕೂತಿರುತ್ತವೆ. ಅವನ್ನು ಮೇಲಕ್ಕೆ ಎಳೆಯುವುದೇ ಸ್ಟ್ರೆಚ್. ಒಮ್ಮೆಲೇ ಎಳೆದರೆ ಗೆಲಾಕ್ಸಿಯ ನಡುಭಾಗ ಸುಟ್ಟು ಬೆಳ್ಳಗಾಗುತ್ತದೆ, ನಕ್ಷತ್ರಗಳು ಬಣ್ಣ ಕಳೆದುಕೊಂಡು ಊದಿಕೊಳ್ಳುತ್ತವೆ. ಸ್ವಲ್ಪ ಎಳೆದು, ನೋಡಿ, ಮತ್ತೆ ಸ್ವಲ್ಪ ಎಳೆಯಬೇಕು. ನೈಋತ್ಯದ ತೋಳಿನಲ್ಲಿ ಎನ್‌ಜಿಸಿ 206 ಎಂಬ ಎಳೆಯ ನಕ್ಷತ್ರಗಳ ಗುಂಪಿದೆ. ಅದು ಬೇರೆಯಾಗಿ ಕಂಡು, ನಡುಭಾಗವೂ ಸುಡದೆ ಉಳಿದಿದ್ದರೆ ಆ ಕೈ ಪಳಗಿದೆ ಎನ್ನಬಹುದು.

ಬಣ್ಣವನ್ನೂ ಮನಸ್ಸಿಗೆ ಬಂದಂತೆ ಹಾಕುವುದಿಲ್ಲ. ಯುರೋಪಿನ ಗಾಯಾ ಉಪಗ್ರಹ ಅಳೆದಿಟ್ಟ ನಕ್ಷತ್ರಗಳ ಬಣ್ಣಗಳಿಗೆ ನಮ್ಮ ಫ್ರೇಮಿನ ನಕ್ಷತ್ರಗಳನ್ನು ಹೋಲಿಸಿ ಸಾಫ್ಟ್‌ವೇರ್ ತಕ್ಕಡಿ ಸರಿಮಾಡುತ್ತದೆ. ಆಗ ಹಳೆಯ ನಕ್ಷತ್ರಗಳ ನಡುಭಾಗ ತಾನೇ ಹಳದಿಗೆ ತಿರುಗುತ್ತದೆ, ಹೊಸ ನಕ್ಷತ್ರಗಳ ತೋಳುಗಳಲ್ಲಿ ನೀಲಿ ಕಾಣಿಸಿಕೊಳ್ಳುತ್ತದೆ. ಇತ್ತೀಚಿನ ಕೃತಕ ಬುದ್ಧಿಮತ್ತೆಯ ಸಾಧನಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ನಾಯ್ಸ್ ತಗ್ಗಿಸಲು ಹದವಾಗಿ ಬಳಸಲಿ, ಫ್ರೇಮಿನಲ್ಲಿ ಇಲ್ಲದ ವಿವರ ಮೂಡಿತೆಂದರೆ ಅದನ್ನು ಅಳಿಸಲೇಬೇಕು.

ವೃತ್ತಿಪರರೂ ಇದೇ ದಾರಿಯವರು. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಅಲ್ಲಿಂದ ಬರುವ ಚಿತ್ರಗಳಿಗೂ ಫ್ಲಾಟ್ ತಪ್ಪಿದ್ದಲ್ಲ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹ ದೇವಯಾನಿಯನ್ನು ಅತಿನೇರಳೆಯಲ್ಲಿ ಚಿತ್ರಿಸಿದೆ. ಹವ್ಯಾಸಿಗಳ ಕೊಡುಗೆಯೂ ಸಣ್ಣದಲ್ಲ. ಫ್ರಾನ್ಸ್ ಮತ್ತು ಜರ್ಮನಿಯ ಮೂವರು ಹವ್ಯಾಸಿಗಳು ನೂರಕ್ಕೂ ಹೆಚ್ಚು ಗಂಟೆಗಳ ಫ್ರೇಮುಗಳನ್ನು ಕೂಡಿಸಿದಾಗ ದೇವಯಾನಿಯ ಪಕ್ಕ ಆಮ್ಲಜನಕದ ಬೆಳಕಿನ ಒಂದು ದೊಡ್ಡ ಕಮಾನು ಕಾಣಿಸಿತು. ಬೇರೆ ದೂರದರ್ಶಕಗಳಿಂದಲೂ ಪರೀಕ್ಷಿಸಿ, ಸಂಶೋಧಕರ ಜೊತೆ 2023ರಲ್ಲಿ ಅದನ್ನು ಪ್ರಕಟಿಸಿದರು. ಅಷ್ಟು ವರ್ಷ ಅಷ್ಟು ಜನ ಚಿತ್ರಿಸಿದ ಗೆಲಾಕ್ಸಿಯ ಮಗ್ಗುಲಲ್ಲೇ ಅದು ಯಾರ ಕಣ್ಣಿಗೂ ಬೀಳದೆ ಇತ್ತು.

ವಸಂತಪುರದಂಥ ಕಡೆಯಿಂದ ಕೆಲಸ ಮಾಡುವವರಿಗೆ ಒಂದು ಮಾತು. ಆಕಾಶ ಇಪ್ಪತ್ತೈದು ಪಟ್ಟು ಬೆಳ್ಳಗಿದ್ದರೆ, ಕತ್ತಲೂರಿನವರು ಒಂದು ಗಂಟೆಯಲ್ಲಿ ಪಡೆದದ್ದಕ್ಕೆ ನಿಮಗೆ ಇಪ್ಪತ್ತೈದು ಗಂಟೆ ಬೇಕಾಗುತ್ತದೆ. ಅದು ಒಂದೇ ಋತುವಿನಲ್ಲಿ ಕೂಡಿಬರಬೇಕೆಂದಿಲ್ಲ. ಈ ವರ್ಷದ ಫ್ರೇಮಿಗೆ ಮುಂದಿನ ಮಾರ್ಗಶಿರದ್ದನ್ನೂ ಸೇರಿಸಬಹುದು. ಮುಗಿದ ಚಿತ್ರ ಕೈಗೆ ಬಂತೆಂದು ಕಚ್ಚಾ ಫ್ರೇಮುಗಳನ್ನು ಅಳಿಸಬೇಡಿ. ಅವುಗಳ ಡಾರ್ಕ್, ಫ್ಲಾಟ್ ಸಮೇತ ಒಂದು ಹಾರ್ಡ್ ಡಿಸ್ಕಿನಲ್ಲಿ ತೆಗೆದಿಡಿ.